ಅಳತೆಗೆ ಸಿಕ್ಕ ಮರ

ಟೈಲರಮ್ಮನ ಅಂಗಡಿಯ ಬೋರ್ಡನ್ನು ಮುಂದಿನ ಮರ ಪೂರ್ತಿ ಮುಚ್ಚಿಬಿಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಅವರು ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಅಳತೆ ಪುಸ್ತಕದಲ್ಲಿ ಹೊಸ ಹೆಸರು ಬರೆದು ವರ್ಷವಾಗಿತ್ತು. ಬೋರ್ಡು ಕಂಡರೆ ಯಾರಾದರೂ ಬಂದಾರೆಂದು ಮರ ಕಡಿಸಲು ಅರ್ಜಿ ಕೊಟ್ಟರು.

ನೋಡಲು ಬಂದವಳು ನಗರಸಭೆಯ ತೋಟಗಾರ್ತಿ. ಅವಳ ಉದ್ದನೆಯ ಟೇಪು ನಡುವೆ ಹರಿದಿತ್ತು.

"ಅಮ್ಮಾ, ನಿಮ್ಮ ಟೇಪು ಕೊಡ್ತೀರಾ?"

"ಮರಕ್ಕೆ ಅಂಗಿ ಹೊಲಿಸ್ತೀಯೇನೇ?" ಎನ್ನುತ್ತಲೇ ಟೈಲರಮ್ಮ ಟೇಪು ತಂದರು. ಅದು ಮರವನ್ನು ಸುತ್ತಿ ಬರಲೇ ಇಲ್ಲ. ಕೊನೆಗೆ ಅವಳ ಹರಿದ ಟೇಪಿಗೇ ಬಟ್ಟೆಯ ಪಟ್ಟಿ ಕೊಟ್ಟು ಹೊಲಿದರು. ಇಬ್ಬರೂ ಆಚೀಚೆ ನಿಂತು ಎದೆಮಟ್ಟದಲ್ಲಿ ಹಿಡಿದರು.

"ಎಪ್ಪತ್ತನಾಲ್ಕು ಇಂಚು!"

"ಅಯ್ಯೋ, ಈ ಬೀದೀಲಿ ನಾನೇ ದಪ್ಪ ಅಂದ್ಕೊಂಡಿದ್ದೆ. ಏನು ತಿಂದು ಹೀಗೆ ಊದ್ಕೊಂಡಿದೆ?"

"ಗಾಳೀನ. ಬಸ್ಸು, ಕಾರು ಬಿಡೋ ಹೊಗೇಲಿ ಇಂಗಾಲ ಇರುತ್ತಲ್ಲ, ಭೂಮಿ ಕಾಯಿಸ್ತಿರೋದು ಅದೇ. ಎಲೆ ಅದನ್ನ ಎಳ್ಕೊಂಡು ಕಾಂಡಕ್ಕೆ, ಬೇರಿಗೆ ಸೇರಿಸುತ್ತೆ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲಾನೇ. ಕಡಿದು ಸುಟ್ರೆ ಅಷ್ಟೂ ಮತ್ತೆ ಗಾಳಿಗೆ."

"ಬದಲಿಗೆ ಹತ್ತು ಕುಂಡ ಇಡ್ತೀನಿ ಬಿಡು."

"ಇಡಿ, ಚೆಂದ. ಆದ್ರೆ ಕುಂಡದಲ್ಲಿ ನಿಲ್ಲೋ ಇಂಗಾಲ ಹಿಡಿಯಷ್ಟು. ಸಸಿ ನೆಟ್ರೂ ಇಷ್ಟಾಗೋಕೆ ಎಷ್ಟೋ ವರ್ಷ ಬೇಕು."

"ಅಲ್ಲೀವರೆಗೆ ನಾನೆಲ್ಲಿರ್ತೀನಿ? ಈ ಬಾಗಿಲಿಗೆ ಯಾರೂ ಬರಲ್ಲ ಕಣೇ."

ತೋಟಗಾರ್ತಿ ತಲೆಯೆತ್ತಿ ಬೋರ್ಡಿನ ಕಡೆ ನೋಡಿದಳು. ಆಮೇಲೆ ಸ್ಟೂಲು ಎಳೆದು ಹತ್ತಿದಳು. ಬೋರ್ಡು ಬಿಚ್ಚಿ, ಸೆರಗಿನಿಂದ ಧೂಳು ಒರೆಸಿ, ಕೊಂಬೆಗಳ ಕೆಳಗೆ ಕಾಣುವಂತೆ ಕಟ್ಟಿದಳು.

"ಈಗ ಕಾಣುತ್ತೆ. ಮುಂದಿನ ವರ್ಷ ಇದೇ ತಿಂಗಳು ಬರ್ತೀನಿ, ಮರ ಎಷ್ಟು ದಪ್ಪ ಆಗಿದೆ ನೋಡೋಕೆ."

"ಬರ್ತೀಯ ತಾನೇ?"

"ಒಬ್ಬಳೇ ಅಳೆಯೋಕಾಗುತ್ತಾ? ನೀವಿರ್ಬೇಕು."

ಟೈಲರಮ್ಮ ಅರ್ಜಿ ವಾಪಸು ಪಡೆದರು. ಆ ಸಂಜೆಯೂ ಅಂಗಡಿಗೆ ಯಾರೂ ಬರಲಿಲ್ಲ. ಆದರೂ ಅಳತೆ ಪುಸ್ತಕ ತೆರೆದು ಬರೆದರು: "ಮರ. ಎದೆ ಎಪ್ಪತ್ತನಾಲ್ಕು." ದಿನವೂ ಸುಡುತ್ತಿದ್ದ ಎಲೆಯನ್ನು ಅಂದು ಗುಡಿಸಿ ಬುಡಕ್ಕೇ ಹಾಕಿದರು.

ನಿಮ್ಮ ಬೀದಿಯಲ್ಲೂ ಒಂದು ದೊಡ್ಡ ಮರ ಇದ್ದೀತು. ಹೊಗೆ ಕಡಿಮೆ ಮಾಡುವ ಕೆಲಸ ನಮ್ಮದೇ. ಮರವೊಂದೇ ಅದನ್ನೆಲ್ಲ ಹೊರಲಾರದು. ಆದರೆ ಅದು ಹೊತ್ತಿರುವುದನ್ನು ಕೆಳಗೆ ಬೀಳಿಸಬೇಡಿ. ಕಡಿಸುವ ಮೊದಲು ಒಂದು ದಾರ ತಂದು ಎದೆಮಟ್ಟದಲ್ಲಿ ಸುತ್ತಿ ನೋಡಿ. ಕೈ ಸಾಲದಿದ್ದರೆ ಪಕ್ಕದ ಮನೆಯವರನ್ನು ಕರೆಯಿರಿ. ಬೀದಿಯಲ್ಲಿ ಒಬ್ಬರೇ ಇರುವವರಿದ್ದರೆ, ಮೊದಲು ಅವರನ್ನೇ ಕರೆಯಿರಿ.