ಎರಡಿಂಚು ಇಳಿಸಿದ ಪಿಕಪ್

ನಮ್ಮ ವರ್ಕ್‌ಶಾಪಿಗೆ ಗಾಡಿಯ ಎತ್ತರ ಇಳಿಸಿಕೊಳ್ಳಲು ಬರುವವರು ಸಾಮಾನ್ಯವಾಗಿ ಮೀಸೆ ಈಗಷ್ಟೇ ಬಂದವರು. ಗಾಡಿ ನೆಲಕ್ಕೆ ಮುತ್ತಿಡುವಂತಿರಬೇಕು, ನೋಡಿದವರ ಬಾಯಿ ನೆಲ ಮುಟ್ಟುವಂತಿರಬೇಕು. ಗಾಜಿನಂಗಡಿಯ ಅಮ್ಮ ಮಾತ್ರ ಒಪ್ಪುವಂಥ ಕಾರಣ ಹಿಡಿದುಕೊಂಡು ಬಂದರು.

"ಆಳೆತ್ತರದ ಗಾಜನ್ನ ಎತ್ತಿ ಪಿಕಪ್ ಮೇಲೆ ಇಡೋಕೆ ಈ ಬಲಗೈ ಒಪ್ತಾ ಇಲ್ಲಪ್ಪ. ಭುಜ ಮೇಲೇಳಲ್ಲ ಅನ್ನುತ್ತೆ. ಅದಕ್ಕೆ ಗಾಡಿನೇ ಕೆಳಗಿಳಿಸು."

"ಎಷ್ಟು ಇಳಿಸೋಣಮ್ಮ?"

"ಗಾಜು ಒಡೀಬಾರ್ದು, ನಾನೂ ಮುರೀಬಾರ್ದು. ಅಷ್ಟು. ಪಕ್ಕದ ಅಂಗಡಿಯವನು ಸ್ಪ್ರಿಂಗಿನ ಎರಡು ಪಟ್ಟಿ ಕಿತ್ತು ಬಿಸಾಕಿದ್ರೆ ಸಾಕು ಅಂದ."

"ಕಿತ್ತರೆ ಇಳಿಯುತ್ತೆ. ಗಾಜಿನ ಭಾರಕ್ಕೆ ಮಿಕ್ಕ ಪಟ್ಟಿನೂ ಮುರಿದು, ನಡುರಸ್ತೇಲಿ ನಿಮ್ಮನ್ನೂ ಇಳಿಸುತ್ತೆ."

ಅಮ್ಮ ನಕ್ಕರು. ಎರಡಿಂಚು ಎಂದು ಮಾತಾಯಿತು. ಅವರ ಪಿಕಪ್ಪಿನಲ್ಲಿ ಹಿಂದಿನ ಆಕ್ಸಲ್ಲು ಸ್ಪ್ರಿಂಗ್ ಪಟ್ಟಿಗಳ ಮೇಲೆ ಕೂತಿರುತ್ತದೆ. ನಡುವೆ ಎರಡಿಂಚಿನ ಉಕ್ಕಿನ ಬ್ಲಾಕ್ ತೂರಿಸಿ, ಉದ್ದನೆಯ ಯು-ಬೋಲ್ಟ್ ಹಾಕಿ ಬಿಗಿದರೆ ಗಾಡಿಯ ಬೆನ್ನು ಅಷ್ಟೇ ಇಳಿಯುತ್ತದೆ. ಹೇಳಲು ಸುಲಭ. ಆದರೆ ಬೋಲ್ಟು ಬಿಚ್ಚಿದ ಗಳಿಗೆಯಿಂದ ಗಾಡಿಯ ಹಿಂಭಾಗವನ್ನು ಹೊತ್ತಿರುವುದು ಚಾಸಿಯ, ಅಂದರೆ ಅಡಿಯ ಚೌಕಟ್ಟಿನ, ಕೆಳಗಿಟ್ಟ ಎರಡು ಕಬ್ಬಿಣದ ಸ್ಟ್ಯಾಂಡು ಮಾತ್ರ. ಅವುಗಳ ನಡುವೆ ಅಂಗಾತ ಮಲಗುವವನು ನಾನು.

ಮೇಲೆ ನಿಲ್ಲುವವರು ಭಾವ. ನನ್ನ ಅಕ್ಕನ ಗಂಡ, ನನ್ನ ಗುರು, ಒಂಬತ್ತು ವರ್ಷದಿಂದ ಪಾಲುದಾರ. ಅವರೇ ಕಲಿಸಿದ ಪದ್ಧತಿ ಒಂದಿತ್ತು. ಜಾಕ್ ಇಳಿಸಿ ಗಾಡಿಯ ಭಾರ ಸ್ಟ್ಯಾಂಡಿನ ಮೇಲೆ ಬಿದ್ದ ಮೇಲೆ ಅವರು ಬಾಗಿ ಎರಡೂ ಸ್ಟ್ಯಾಂಡಿನ ಪಾದಗಳನ್ನು ನೋಡಬೇಕು, ಸೊಂಟದಿಂದ ಗಾಡಿಯನ್ನು ಮೂರು ಸಲ ನೂಕಬೇಕು. ನಾನು "ಕೂತಿದೆಯಾ?" ಅನ್ನಬೇಕು. ಅವರು "ಕೂತಿದೆ" ಅನ್ನಬೇಕು. ಆಮೇಲೆ ನಾನು ತಿರುಗಿ ನೋಡಬಾರದು, ತೂರಬೇಕು. "ಕೆಳಗೆ ಹೋಗೋನು ಅನುಮಾನ ಪಟ್ಟರೆ ಕೈ ನಡುಗುತ್ತೆ ಕಣೋ. ಅನುಮಾನ ಪಡೋ ಕೆಲಸ ಮೇಲಿರೋನದು" ಎನ್ನುತ್ತಿದ್ದರು. ಬೇರೆ ವರ್ಕ್‌ಶಾಪುಗಳಲ್ಲಿ ಕೆಳಗೆ ಹೋಗುವವನೇ ಸ್ಟ್ಯಾಂಡು ಅಲುಗಾಡಿಸಿ ನೋಡುತ್ತಾನೆ. ನಮ್ಮಲ್ಲಿ ಹಾಗೆ ಮಾಡಿದರೆ ಭಾವನಿಗೆ ಅವಮಾನ.

ಅಂದು ಬೆಳಿಗ್ಗೆಯೂ ಮೂರು ಸಲ ನೂಕಿದರು, "ಕೂತಿದೆ" ಎಂದರು. ನಾನು ತೂರಿ ಎಡಗಡೆಯ ಬೋಲ್ಟು ಬಿಚ್ಚಿ, ಬ್ಲಾಕ್ ಇಟ್ಟು, ಅಡ್ಡಡ್ಡವಾಗಿ ಒಂದೊಂದೇ ನಟ್ಟು ಬಿಗಿದು ಮುಗಿಸಿದೆ. ಮುಕ್ಕಾಲು ಗಂಟೆ. ಮೂಗಿನ ಮೇಲೆ ಒಂದೂವರೆ ಟನ್ನಿನ ಗಾಡಿ, ಬಾಯಲ್ಲಿ ಶಿಳ್ಳೆ. ಬಲಗಡೆಗೆ ಎರಡು ನಟ್ಟು ಸಾಲದೆ ಭಾವ ತರಲು ಹೋದರು. ಅವರ ಫೋನ್ ಬೆಂಚಿನ ಮೇಲೆ ಚಾರ್ಜಿಗಿತ್ತು. ನಾನು ಹೊರಬಂದು ಕೈ ಒರೆಸಿಕೊಳ್ಳುವಾಗ ಅದು ರಿಂಗಾಯಿತು.

ನನಗೊಂದು ಚಟ, ಬೇರೆಯವರ ದನಿ ಅನುಕರಿಸುವುದು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಮೂರು ದಿನ ಕಾಲೇಜಿನಿಂದ ಹೊರಗೆ ಹಾಕಿಸಿಕೊಂಡವನು ನಾನು. ಭಾವನ ದನಿಯಂತೂ ಸಲೀಸು. ಮೊದಲು ಎರಡು ಸಲ ಗಂಟಲು ಸರಿಮಾಡಬೇಕು, ಮಾತನ್ನು ಬೆಲ್ಲದ ಪಾಕದಂತೆ ಎಳೆಯಬೇಕು, ಕೊನೆಗೆ "ಆಗೋಯ್ತೂ ಅಂದ್ಕೊಳಿ" ಅನ್ನಬೇಕು. ಎಷ್ಟೋ ಗಿರಾಕಿಗಳು ಹಾಗೆ ನನ್ನೊಡನೆ ಮಾತಾಡಿ ಭಾವನಿಗೆ ಥ್ಯಾಂಕ್ಸ್ ಹೇಳಿದ್ದಾರೆ. ಅಕ್ಕ ಒಬ್ಬಳೇ ಮೋಸ ಹೋಗುವುದಿಲ್ಲ.

"ಹ್ಞೂಂ... ಹ್ಞೂಂ. ಹೇಳೀಪ್ಪಾ."

"ಅಣ್ಣಾ, ನಾನು ವೆಲ್ಡರ್ರು. ಬೋರ್ಡಿನ ಚೌಕಟ್ಟು ರೆಡಿ. ಹೊಸ ವರ್ಕ್‌ಶಾಪ್ ಮುಂದೆ ಇವತ್ತೇ ನಿಲ್ಲಿಸಿಬಿಡ್ಲಾ? ನಿಮ್ಮ ಹೆಸರು, ಫೋಟೋ ಭರ್ಜರಿಯಾಗಿ ಬಂದಿದೆ ಅಣ್ಣಾ. ಪಕ್ಕದಲ್ಲಿ ಇನ್ನೊಂದು ಹೆಸರಿಗೂ ಜಾಗ ಉಳಿದಿದೆ, ಖಾಲಿ ಖಾಲಿ ಕಾಣುತ್ತೆ."

ನನ್ನ ಗಂಟಲಿನಲ್ಲಿ ಭಾವ ಹಾಗೆಯೇ ಉಳಿದರು. "ಬಿಡೀಪ್ಪಾ. ಒಂದೇ ಹೆಸರು ಸಾಕೂ."

"ಸರಿ. ಮತ್ತೆ ಆ ಸ್ಟ್ಯಾಂಡು, ಬಿರುಕು ಬಿಟ್ಟಿದ್ದು. ಬೆಸುಗೆ ಹಾಕಿ ನೀಲಿ ಬಣ್ಣ ಬಳಿದು ಕೊಟ್ಟೆನಲ್ಲ, ಅದನ್ನ ಗುಜರಿಗೆ ಹಾಕಿದ್ರಾ? ನಾನು ಆವತ್ತೇ ಹೇಳಿದ್ದೆ. ಷೋಗೆ ಇಟ್ಕೊಳಿ, ಅದರ ಕೆಳಗೆ ಯಾರೂ ಮಲಗಬಾರದು ಅಂತ. ರಾತ್ರಿ ನಿದ್ದೆ ಬರ್ತಿಲ್ಲ ಅಣ್ಣಾ, ಅದಕ್ಕೇ ಕೇಳ್ದೆ."

"ಆಗೋಯ್ತೂ ಅಂದ್ಕೊಳಿ" ಎಂದೆ. ಅದೊಂದು ಮಾತು ಮಾತ್ರ ಭಾವನಂತೆ ಬರಲಿಲ್ಲ.

ಆ ಸ್ಟ್ಯಾಂಡಿನ ಪಾದದಲ್ಲಿ ಬಿರುಕು ಕಂಡವನು ನಾನೇ, ಎರಡು ತಿಂಗಳ ಹಿಂದೆ. ಗುಜರಿಗೆ ಕೊಡಿ ಎಂದು ಎತ್ತಿ ಭಾವನ ಕೈಗೇ ಕೊಟ್ಟಿದ್ದೆ. ವಾರದಲ್ಲಿ ಅವರು ನೀಲಿ ಸ್ಟ್ಯಾಂಡು ತಂದಿಟ್ಟು "ಹೊಸದು ಕಣೋ, ಮದುಮಗನ ಥರ ಇದೆ" ಎಂದಿದ್ದರು. ನಾನು ಅದಕ್ಕೆ ಮದುಮಗ ಎಂದೇ ಹೆಸರಿಟ್ಟು ಎರಡು ತಿಂಗಳು ಅದರ ಮಗ್ಗುಲಲ್ಲೇ ಮಲಗಿದ್ದೆ.

ದೂರದಿಂದಲೇ ಕೈ ಚಾಚಿ, ಈಗಲೂ ಪಿಕಪ್ ಹೊತ್ತು ನಿಂತಿದ್ದ ಮದುಮಗನ ಪಾದವನ್ನು ಸ್ಕ್ರೂಡ್ರೈವರಿನಿಂದ ಕೆರೆದೆ. ದಪ್ಪ ಬಣ್ಣ ಸಿಪ್ಪೆಯಂತೆ ಎದ್ದಿತು. ಒಳಗೆ ಬೆಸುಗೆಯ ಉಬ್ಬು. ಉಬ್ಬಿನ ತುದಿಯಿಂದ ಕೂದಲೆಳೆಯಂಥ ಗೆರೆ ಮತ್ತೆ ಹೊರಟಿತ್ತು, ಅರ್ಧ ಬೆರಳಿನಷ್ಟು. ಬೆಳಿಗ್ಗೆ ನಾನು ಶಿಳ್ಳೆ ಹಾಕುತ್ತಿದ್ದಾಗ ಅದು ಎಷ್ಟಿತ್ತೋ.

ಬೇರೆ ವರ್ಕ್‌ಶಾಪ್ ಮಾಡಲಿ. ಮನುಷ್ಯನಿಗೆ ಆಸೆ ಇರುತ್ತದೆ. ನನ್ನ ಹೆಸರು ಬೇಡವೆಂದರೆ ನನ್ನ ಮುಖ ಅಷ್ಟು ಚೆನ್ನಾಗಿಲ್ಲ ಎಂದುಕೊಳ್ಳುತ್ತೇನೆ. ಆದರೆ ಈ ಬಿರುಕು ಅವರಿಗೆ ಗೊತ್ತಿರಲಿಲ್ಲ ಎಂದಾಗಬೇಕಿತ್ತು. ವೆಲ್ಡರ್ ಹೇಳಿದ್ದು ಕಿವಿಗೆ ಬಿದ್ದಿರಲಿಲ್ಲ, ಯಾವುದೋ ಸ್ಟ್ಯಾಂಡು ಇನ್ನಾವುದಕ್ಕೋ ಬದಲಾಯಿತು, ಏನೋ ಒಂದು. ನನಗೆ ಬೇಕಿದ್ದದ್ದು ಅಷ್ಟೇ.

ಭಾವ ನಟ್ಟು ಕುಲುಕುತ್ತ ಬಂದರು. ಹಿಂದೆಯೇ ಗಾಜಿನಂಗಡಿಯ ಅಮ್ಮನೂ ಬಂದು ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತರು.

"ಏನೋ ಭಾಮೈದ, ಇನ್ನೂ ನಿಂತಿದ್ದೀಯಾ? ತೂರು, ತೂರು."

"ನನಗೆ ಸೊಂಟ ಹಿಡ್ಕೊಂಡಿದೆ ಭಾವ. ಬಲಗಡೆ ನೀವು ಮಾಡಿ. ನಾನು ಮೇಲೆ ನಿಲ್ತೀನಿ."

"ನಾನಾ?"

"ಗುರುಗಳಲ್ವಾ? ಒಂದ್ಸಲ ನೋಡಿ ಕಲಿತೀನಿ."

ಮೂರು ಸಲ ನೂಕುವ ಧೈರ್ಯ ನನಗಿರಲಿಲ್ಲ, ನೂಕಿದಂತೆ ನಟಿಸಿದೆ. ಅವರು ತೂರುವ ದಾರಿಗೆ ಅಡ್ಡಲಾಗಿ ನನ್ನ ಕಾಲನ್ನು ಊರಿಕೊಂಡೇ "ಕೂತಿದೆ" ಎಂದೆ. ಬಾಗಿದರೆ ರಟ್ಟೆ ಹಿಡಿದು ಎಳೆಯಬೇಕು ಎಂದುಕೊಂಡಿದ್ದೆ. ಬಾಗಲಿ, ದಯವಿಟ್ಟು ಬಾಗಲಿ ಎಂದೂ ಅಂದುಕೊಂಡಿದ್ದೆ.

ಭಾವ ಬಾಗಲಿಲ್ಲ. ನೀಲಿ ಸ್ಟ್ಯಾಂಡಿನತ್ತ ನೋಡಿದರು. ಪಾದದ ಬಳಿ ಉದುರಿದ್ದ ಬಣ್ಣದ ಚೂರುಗಳನ್ನು ನೋಡಿದರು. ಎರಡು ಸಲ ಗಂಟಲು ಸರಿಮಾಡಿದರು.

"ಹ್ಞೂಂ... ಇವತ್ತು ಬೇಡ ಬಿಡು. ನಾಳೆ ನೋಡೋಣ."

"ನಾಳೆ ನಾನು ಹೋಗಬಹುದಾ ಕೆಳಗೆ?"

"ಏನಾಗಿದೆ ನಿನಗೆ?"

"ವೆಲ್ಡರ್ ಫೋನ್ ಮಾಡಿದ್ದ. ನಿಮ್ಮ ದನೀಲಿ ಮಾತಾಡ್ದೆ."

ಭಾವನ ನೋಟ ಒಮ್ಮೆ ಬೆಂಚಿನ ಮೇಲಿನ ಫೋನಿನ ಕಡೆ ಹೋಗಿ ಬಂತು. "ನಿನ್ನ ಈ ಮಂಗಾಟ ಒಂದಿನ..." ಎಂದು ಶುರುಮಾಡಿ, ಅಮ್ಮನನ್ನು ಕಂಡು ದನಿ ಇಳಿಸಿದರು. "ನೋಡೋ, ಹೊಸ ಜಾಗಕ್ಕೆ ನಾಲ್ಕು ಸ್ಟ್ಯಾಂಡು ಬೇಕಿತ್ತು. ಗಟ್ಟಿ ಇದ್ದಿದ್ದು ಅಲ್ಲಿಟ್ಟೆ. ಒಂದು ತಿಂಗಳ ಮಟ್ಟಿಗೆ ಅಂತ ಇದನ್ನ... ದಿನಾ ನಾನೇ ನೋಡ್ತಿದ್ನಲ್ಲ? ಏನೂ ಆಗಿಲ್ವಲ್ಲ?"

"ದಿನಾ ನೋಡ್ತಿದ್ರಿ."

"ಮತ್ತೆ! ಎರಡು ತಿಂಗಳು ಏನೂ ಆಗಿಲ್ವಲ್ಲೋ!"

ದಿನವೂ ಬಾಗಿ ನೋಡಿದ್ದಾರೆ. ನೋಡಿ, ನೂಕಿ, ಆ ಮಾತು ಹೇಳಿದ್ದಾರೆ. ಅಮ್ಮ ಎದ್ದು ಬಂದರು.

"ಏನ್ರಪ್ಪಾ, ನನ್ನ ಗಾಡೀಲಿ ಏನಾದ್ರೂ ಕೆಟ್ಟಿತಾ?"

"ನಿಮ್ಮ ಗಾಡೀಲಿ ಏನಿಲ್ಲಮ್ಮ" ಎಂದೆ. "ಹತ್ತಿರ ಬರಬೇಡಿ, ಅಲ್ಲೇ ಇರಿ."

ಗೋಡೆಯ ಪಕ್ಕ ಹಳೆಯ ಮರದ ದಿಮ್ಮಿಗಳಿದ್ದವು. ಹೊರಗಿನಿಂದಲೇ ತಳ್ಳಿ ಚಾಸಿಯ ಕೆಳಗೆ ಅಡ್ಡಡ್ಡ ಜೋಡಿಸಿದೆ. ಭಾವ ಒಂದು ದಿಮ್ಮಿಗೆ ಕೈ ಹಾಕಿದರು. "ಬೇಡ" ಎಂದೆ. ಕೈ ತೆಗೆದರು. ಜಾಕ್ ಎತ್ತಿ, ನೀಲಿ ಸ್ಟ್ಯಾಂಡು ಈಚೆಗೆಳೆದು, ಭಾರವನ್ನು ದಿಮ್ಮಿಗಳ ಮೇಲೆ ಬಿಟ್ಟೆ. ನಾನೇ ಬಾಗಿ ನೋಡಿದೆ. ನಾನೇ ನೂಕಿದೆ. ಮೂರು ಸಲ ಸಾಲದೆ ಆರು ಸಲ. ಆಮೇಲೆ ಗ್ರೈಂಡರ್ ಹಚ್ಚಿ ಸ್ಟ್ಯಾಂಡಿನ ನಾಲ್ಕು ಕಾಲನ್ನೂ ಕತ್ತರಿಸಿದೆ, ಯಾರೂ ಮತ್ತೆ ಬಣ್ಣ ಬಳಿಯಲಾಗದಂತೆ. ಕಿಡಿ ಹಾರುತ್ತಿದ್ದಷ್ಟು ಹೊತ್ತು ಭಾವ ಏನೋ ಹೇಳುತ್ತಿದ್ದರು. ಸದ್ದು ನಿಂತಾಗ ಅವರಿರಲಿಲ್ಲ. ಚಾರ್ಜರ್ ಸಮೇತ ಫೋನೂ ಇರಲಿಲ್ಲ.

ಬಲಗಡೆ ಮುಗಿಸಲು ಒಂದೂವರೆ ಗಂಟೆ ಹಿಡಿಯಿತು. ಕೈ ನಡುಗಿತು, ಭಾವ ಹೇಳಿದ್ದು ಅದೊಂದು ನಿಜ. ಬ್ರೇಕಿನ ಪೈಪು ಎಲ್ಲೂ ತಾಗುತ್ತಿಲ್ಲವೆಂದು ನೋಡಿದೆ, ಆಕ್ಸಲ್ಲು ಚಾಸಿಗೆ ಬಡಿಯದಂತೆ ತಡೆಯುವ ರಬ್ಬರನ್ನು ಗಿಡ್ಡದ್ದಕ್ಕೆ ಬದಲಿಸಿದೆ, ಹೆಡ್‌ಲೈಟಿನ ಕೋನ ಸರಿಮಾಡಿದೆ, ಒಂದು ಸುತ್ತು ಓಡಿಸಿ ಬಂದೆ. ಅಮ್ಮ ಹಿಂದಿನ ಬಾಗಿಲು ಇಳಿಸಿ, ಇಲ್ಲದ ಗಾಜೊಂದನ್ನು ಎರಡೂ ಕೈಯಲ್ಲಿ ಎತ್ತಿಟ್ಟು ನೋಡಿದರು.

"ಹ್ಞಾ. ಭುಜ ಒಪ್ಪಿತು."

"ನೂರು ಕಿಲೋಮೀಟರ್ ಓಡಿದ ಮೇಲೆ ಬನ್ನಿ. ಬೋಲ್ಟು ಇನ್ನೊಮ್ಮೆ ಬಿಗೀಬೇಕು. ತಪ್ಪಿಸಬೇಡಿ."

"ಇಲ್ಲಿಗೇ ಬರ್ಲಾ? ಇಲ್ಲಾ ನಿಮ್ಮ ಭಾವನವರು ಎಲ್ಲೋ ಹೊಸದು ಅಂದ್ರಲ್ಲ..."

"ಇಲ್ಲಿಗೇ. ನಾನಿರ್ತೀನಿ."

ಅವರು ಹೋದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಅವಳು ಮೊದಲ ರಿಂಗಿಗೇ ಎತ್ತಿದಳು, ನಗುತ್ತಿದ್ದಳು.

"ಬೋರ್ಡ್ ನೋಡಿದ್ಯಾ? ಅಯ್ಯೋ, ಅವರು ಹೇಳೇಬಿಟ್ರಾ! ನಿಲ್ಲಿಸಿದ ಮೇಲೆ ಹೇಳೋಣ, ಅಲ್ಲೀತನಕ ತುಟಿ ಬಿಚ್ಚಬೇಡ ಅಂದಿದ್ರು ಕಣೋ. ನಿನ್ನ ಹೆಸರು ಮೊದಲು ಬರಲಿ, ನನ್ನದು ಆಮೇಲೆ ಅಂದ್ರು, ಗೊತ್ತಾ? ಯಾಕೋ, ಮಾತಾಡೋ. ಯಾರ ದನಿ ಮಾಡೋಣ ಅಂತ ಯೋಚಿಸ್ತಿದ್ದೀಯಾ?"

ಅವಳ ನಗುವನ್ನು ಅಲ್ಲಿಗೇ ಬಿಡಬಹುದಿತ್ತು. ಬೋರ್ಡಿನಲ್ಲಿ ನನ್ನ ಹೆಸರೇ ಇರಲಿಲ್ಲ; ಆ ಒಂದು ಸುಳ್ಳನ್ನಾದರೆ ಬಿಟ್ಟುಬಿಡುತ್ತಿದ್ದೆನೇನೋ.

"ಅಕ್ಕ, ಬೋರ್ಡ್ ಇರಲಿ. ಸ್ಟ್ಯಾಂಡಿನ ವಿಷಯ ಹೇಳ್ತೀನಿ, ಕೇಳು" ಎಂದೆ. ಬಿರುಕು, ಬೆಸುಗೆ, ನೀಲಿ ಬಣ್ಣ, ಎರಡು ತಿಂಗಳು, ಇಂದು ಬೆಳಿಗ್ಗೆ. ಏನನ್ನೂ ಕೂಡಿಸಲಿಲ್ಲ, ಏನನ್ನೂ ಕಳೆಯಲಿಲ್ಲ.

ಆ ಕಡೆ ನಲ್ಲಿಯ ನೀರು ಬೀಳುತ್ತಿದ್ದ ಸದ್ದು ನಿಂತಿತು.

"ಅದು ಬಿರುಕು ಬಿಟ್ಟಿರೋದು ಅವರಿಗೆ ಗೊತ್ತಿತ್ತಾ?"

"ಕೆಳಗೆ ಹೋಗಿ ಅಂದೆ. ಹೋಗಲಿಲ್ಲ."

"ಈಗ ಗೇಟಿನ ಸದ್ದಾಯ್ತು, ಬಂದ್ರು ಅನಿಸುತ್ತೆ. ಫೋನ್ ಇಡಬೇಡ" ಎಂದಳು.

ನಾನು ಇಡಲಿಲ್ಲ. ಬಾಗಿಲು ತೆರೆದದ್ದು ಕೇಳಿಸಿತು. ಎರಡು ಸಲ ಗಂಟಲು ಸರಿಮಾಡಿಕೊಂಡದ್ದೂ ಕೇಳಿಸಿತು.