ತಾತ ಮಲಗುತ್ತಿದ್ದ ಕೋಣೆ

ದೊಡ್ಡ ಮನೆತನವೊಂದರ ಗೊರಕೆಯ ವಿಷಯ ಹೇಳಹೊರಟಿದ್ದೇನೆ. ಚಿಕ್ಕ ಬಾಯಲ್ಲಿ ದೊಡ್ಡ ಮಾತು ಎನ್ನಿಸಿದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಆ ಮನೆತನದ ಬಂಗಲೆ ಮ್ಯೂಸಿಯಂ ಆದಮೇಲೆ ಮನೆಯ ಮೊಮ್ಮಗಳೇ ಅಲ್ಲಿ ಗೈಡ್. ಮಹಡಿಯ ಕೆತ್ತನೆಯ ಮಂಚ ತೋರಿಸಿ, "ನಮ್ಮ ತಾತ ಇಲ್ಲೇ ಮಲಗ್ತಿದ್ದರು" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಹಾಗೇ ಹೇಳಬೇಕೆಂದು ದೊಡ್ಡಪ್ಪನ ಕಟ್ಟಪ್ಪಣೆ. ಆದರೆ ತಾತ ಮಲಗುತ್ತಿದ್ದದ್ದು ಕೆಳಗೆ, ಅಡುಗೆಮನೆ ಪಕ್ಕದ ಕಿಷ್ಕಿಂಧೆಯಂಥ ಕೋಣೆಯಲ್ಲಿ. ಅವರ ಗೊರಕೆಗೆ ಕಿಟಕಿಯ ಗಾಜು ನಡುಗುತ್ತಿದ್ದದ್ದನ್ನು ಅವಳು ಚಿಕ್ಕವಳಿದ್ದಾಗ ಕಿವಿಯಾರೆ ಕೇಳಿದ್ದಳು.

ಆ ಕೋಣೆ ಒಡೆದು ಟಿಕೆಟ್ ಕೌಂಟರ್ ಮಾಡುವುದೆಂದು ತೀರ್ಮಾನವಾಯಿತು. ಮ್ಯಾನೇಜರ್, ದೊಡ್ಡಪ್ಪ, ದೊಡ್ಡಮ್ಮ ನೋಡುತ್ತ ನಿಂತಿದ್ದರು. ಮೇಸ್ತ್ರಿ ಹಾರೆ ಎತ್ತಿದ್ದೇ ತಡ, ಮೊಮ್ಮಗಳು ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಏನಮ್ಮಾ ಇದು?" ಎಂದರು ಮ್ಯಾನೇಜರ್. "ಈ ಉಗ್ರಾಣದಲ್ಲಿ ಉಳಿಸೋಕೆ ಏನಿದೆ?"

"ಉಗ್ರಾಣ ಅಲ್ಲ ಸಾರ್, ತಾತ ಮಲಗ್ತಿದ್ದದ್ದು ಇಲ್ಲೇ. ಮಂಚದ ಕತೆ ಸುಳ್ಳು."

"ಬಾಯಿ ಮುಚ್ಚೇ!" ದೊಡ್ಡಪ್ಪ ಗದರಿದರು. "ಮನೆ ಮಾನ ಬೀದಿಗೆ ತರ್ತೀಯಾ?"

"ಗೊರಕೆ ಹೊಡೆಯೋದೇನು ಕಳ್ಳತನಾನಾ ದೊಡ್ಡಪ್ಪ? ನೋಡಿ ಸಾರ್, ಈ ಜಿಡ್ಡು ಕಲೆ ತಾತನ ತಲೆದು. ಇಲ್ಲೇ ಒರಗಿ ಕೂತು ಓದೋರು. ಇದನ್ನೂ ಒಡೆದರೆ, ಅವರು ಈ ಮನೇಲಿ ಬದುಕಿದ್ದರು ಅನ್ನೋಕೆ ಇನ್ನೇನು ಉಳೀತು?"

"ಎಲ್ಲಾ ಕಟ್ಟುಕತೆ! ನಮ್ಮ ವಂಶದಲ್ಲಿ ಗೊರಕೆ ಹೊಡೆಯೋರೇ ಇಲ್ಲ."

ದೊಡ್ಡಮ್ಮ ಗಂಡನತ್ತ ತಿರುಗಿದರು. "ಹೌದಾ? ಹಾಗಾದ್ರೆ ನೀವು ವರಾಂಡದಲ್ಲಿ ಯಾಕೆ ಮಲಗ್ತೀರಿ ಅಂತ ಇವರಿಗೆಲ್ಲ ಹೇಳ್ಲಾ?"

ಮೇಸ್ತ್ರಿ ಹಾರೆ ಕೆಳಗಿಟ್ಟು ನಕ್ಕೇಬಿಟ್ಟ. "ಬಿಡಿ ಸ್ವಾಮಿ, ನಮ್ಮನೇಲೂ ಇದೇ ಪಾಡು. ನನ್ನನ್ನ ತಾರಸಿಗೆ ಅಟ್ಟಿದ್ದಾಳೆ."

ದೊಡ್ಡಪ್ಪ ಇಂಗು ತಿಂದ ಮಂಗನಂತಾದರು. ಮ್ಯಾನೇಜರ್ ಗೋಡೆಯ ಕಲೆಯನ್ನು ಬಗ್ಗಿ ನೋಡಿ, "ಕೌಂಟರ್ ಗೇಟ್ ಹತ್ತಿರ ಮಾಡೋಣ" ಎಂದರು.

ಈಗ ಬಂದವರು ಮಂಚವನ್ನು ನೋಡಿದ ಶಾಸ್ತ್ರ ಮಾಡಿ ಕೆಳಗಿಳಿಯುತ್ತಾರೆ. ಚಿಕ್ಕ ಕೋಣೆಯಲ್ಲಿ ಮಾತ್ರ ಗಂಡ ಹೆಂಡಿರು ಒಬ್ಬರನ್ನೊಬ್ಬರು ತಿವಿಯುತ್ತ ನಿಂತುಬಿಡುತ್ತಾರೆ. ಮೊಮ್ಮಗಳ ದನಿಯಲ್ಲಿ ಅಳುಕಿಲ್ಲ. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಕೊಡುತ್ತಾಳೆ.

ಒಂದು ಪ್ರಶ್ನೆಗೆ ಮಾತ್ರ ತಡವರಿಸುತ್ತಾಳೆ. ತಾತನನ್ನು ಅಜ್ಜಿಯೇ ಹೊರಗೆ ಹಾಕಿದರೋ, ಅಥವಾ ಹೆಂಡತಿ ನೆಮ್ಮದಿಯಾಗಿ ನಿದ್ದೆ ಮಾಡಲೆಂದು ಅವರೇ ಹಾಸಿಗೆ ಸುತ್ತಿಕೊಂಡು ಇಳಿದು ಬಂದರೋ? ಕೇಳೋಣವೆಂದರೆ ಇಬ್ಬರೂ ಇಲ್ಲ. ಅವಳಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ.