ಗೀರು ಬಿದ್ದ ಕೊಳವೆಗಳು

ಆ ಗಾಜಿನ ಕಾರ್ಖಾನೆಯಲ್ಲಿ ಕೂದಲೆಳೆಯಂಥ ಕೊಳವೆ ಎಳೆಯುತ್ತಿದ್ದವರು ಅಕ್ಕತಂಗಿಯರಿಬ್ಬರೇ. ಅಕ್ಕ ಬೆಂಕಿಯ ಮುಂದೆ ಕೂತು ಗಾಜನ್ನು ಕೆಂಪಗೆ ಕಾಯಿಸಿದರೆ, ತಂಗಿ ಇನ್ನೊಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದಳು. ತಿರುಗಿ ನೋಡುವಂತಿಲ್ಲ, ಅಕ್ಕ "ಹೋಗು, ಹೋಗು, ಸಾಕು" ಅಂದಂತೆ ಕಾಲಿಡಬೇಕು.

ಆಮೇಲಿನ ಪರೀಕ್ಷೆ ತಂಗಿಯದು. ತುಂಡು ಮಾಡಿದ ಕೊಳವೆಗಳ ತುದಿಯನ್ನು ಕೆಂಪು ನೀರಿಗೆ ತಾಕಿಸುತ್ತಿದ್ದಳು. ನೀರು ತಾನಾಗಿಯೇ ಮೇಲೇರುತ್ತಿತ್ತು. ರಂಧ್ರ ಸಣ್ಣದಾದಷ್ಟೂ ಎತ್ತರಕ್ಕೆ. "ನೀರು ಏರೋದನ್ನ ನೋಡೋಕೆ ಸಂಬಳ ತಗೋಳೋ ಪುಣ್ಯವಂತೆ" ಎಂದು ಉಳಿದವರು ರೇಗಿಸುತ್ತಿದ್ದರು. ನೀರು ಹಿಂದಿನ ಹಲಗೆಯಲ್ಲಿ ಗುರುತಿಸಿದ ಗೆರೆ ಮುಟ್ಟದೆ ನಿಂತರೆ ರಂಧ್ರ ದೊಡ್ಡದಾಯಿತೆಂದೇ ಅರ್ಥ. ಅಂಥದ್ದರ ತುದಿಗೆ ಅರದಿಂದ ಗೀರು ಹಾಕಿ ಒಡಕಿನ ಡಬ್ಬಕ್ಕೆ ಎಸೆಯುತ್ತಿದ್ದಳು.

ಒಂದು ಬೆಳಿಗ್ಗೆ ಮೇಲ್ವಿಚಾರಕ ಅವಳ ಮುಂದೆ ಪೆಟ್ಟಿಗೆಯೊಂದನ್ನು ಕುಕ್ಕಿದ. "ಆಸ್ಪತ್ರೆಯಿಂದ ವಾಪಸ್ ಬಂದಿದೆ. ಒಂದರಲ್ಲಿ ರಕ್ತ ಇಷ್ಟು ಏರಿದ್ರೆ ಇನ್ನೊಂದರಲ್ಲಿ ಅಷ್ಟು. ಚೀಟಿ ಮೇಲೆ ನಿನ್ನ ಸಹಿ. ನಿದ್ದೆ ಮಾಡ್ತಿದ್ಯಾ?"

ಅಕ್ಕ ಬೆಂಕಿಯಿಂದ ತಲೆಯೆತ್ತಲಿಲ್ಲ. "ಪರೀಕ್ಷೆ ಮಾಡೋದು ಅವಳೇ ಸಾರ್. ನನಗೇನು ಗೊತ್ತು?"

ತಂಗಿ ಪೆಟ್ಟಿಗೆ ಬಿಚ್ಚಿದಳು. ಆ ಕೊಳವೆಗಳನ್ನು ಒಂದೊಂದಾಗಿ ನೀರಿಗೆ ತಾಕಿಸಿದಳು. ಐದಕ್ಕೆ ಎರಡರಲ್ಲಿ ನೀರು ಗೆರೆಯ ಕೆಳಗೇ ನಿಂತಿತು. ಅಳತೆಪಟ್ಟಿ ಇಟ್ಟು ನೋಡಿದರೆ ಅವೇ ಕೊಳವೆಗಳು ಉಳಿದವಕ್ಕಿಂತ ಚೂರು ಗಿಡ್ಡ. ಗೀರಿದ್ದ ತುದಿಯನ್ನು ಕತ್ತರಿಸಿ, ಅಂಚನ್ನು ಬೆಂಕಿಯಲ್ಲಿ ನಯ ಮಾಡಿ, ಅವಳು ಸಹಿ ಹಾಕಿದ್ದ ಪೆಟ್ಟಿಗೆಗೆ ಸೇರಿಸಲಾಗಿತ್ತು. ಕೂದಲೆಳೆಯಂಥ ಕೊಳವೆಯ ಅಂಚನ್ನು ಹೀಗೆ ನಯ ಮಾಡುವುದು ಕಾರ್ಖಾನೆಯಲ್ಲಿ ಅಕ್ಕನೊಬ್ಬಳಿಗೇ ಗೊತ್ತಿದ್ದದ್ದು.

ಊಟದ ಹೊತ್ತಿಗೆ ಕೇಳಿದಳು. "ಯಾಕಕ್ಕಾ?"

"ನೀನು ಮೂರಕ್ಕೊಂದು ಎಸೀತಿದ್ರೆ ನನ್ನ ಕೈ ಅದುರಿ ಗಾಜು ಒಂದೇ ಸಮ ಕಾಯ್ತಿಲ್ಲ ಅಂತ ಎಲ್ಲರಿಗೂ ಗೊತ್ತಾಗಲ್ವೇನೇ? ಬೆಂಕಿ ಮುಂದಿಂದ ಎಬ್ಬಿಸಿಬಿಡ್ತಾರೆ. ನಿನಗಾದ್ರೆ ಒಂದೆರಡು ಬೈಗುಳ, ಅಷ್ಟೇ."

"ಕೈ ಅದುರತ್ತೆ ಅಂತ ನನಗೆ ಹೇಳಬಹುದಿತ್ತಲ್ಲ."

ಅಕ್ಕ ಬುತ್ತಿಯ ಮುಚ್ಚಳ ಹಾಕಿದಳು.

ತಂಗಿ ಸೀದಾ ಮೇಲ್ವಿಚಾರಕನ ಬಳಿ ಹೋಗಿ ಸರಿಯಿದ್ದದ್ದೊಂದು, ಗಿಡ್ಡದ್ದೊಂದು ಕೊಳವೆಯನ್ನು ಜೋಡಿಸಿಟ್ಟು ಅಕ್ಕ ಮಾಡಿದ್ದನ್ನು ತೋರಿಸಿದಳು. ಸಂಜೆಯೊಳಗೆ ಅಕ್ಕನನ್ನು ಪ್ಯಾಕಿಂಗ್ ಕೋಣೆಗೆ ಹಾಕಿದರು.

ಅಕ್ಕ ಮೊದಲೇ ಮನೆ ಸೇರಿದ್ದಳು; ತಂಗಿ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಒಡಹುಟ್ಟಿದವಳ ಅನ್ನಕ್ಕೆ ಕಲ್ಲು ಹಾಕಿದೆಯಲ್ಲೇ!"

"ಅವಳು ಏನು ಮಾಡಿದಳು ಗೊತ್ತೇನಮ್ಮ ನಿನಗೆ?"

"ಗೊತ್ತು. ಮೊದಲನೇ ದಿನವೇ ಹೇಳಿದ್ದಳು. ಚಿಕ್ಕವಳು, ಹೊಂದಿಕೊಂಡು ಹೋಗ್ತಾಳೆ ಬಿಡು ಅಂತ ನಾನೇ ಅಂದಿದ್ದೆ."

ಅಕ್ಕನ ಮೇಲಿನ ಸಿಟ್ಟಿಗೆ ಹೆಸರಾದರೂ ಇತ್ತು. ಇದಕ್ಕೆ ಏನೆನ್ನಬೇಕೋ ತಂಗಿಗೆ ತೋಚಲಿಲ್ಲ. ಚಪ್ಪಲಿಯನ್ನೂ ಬಿಚ್ಚದೆ ಹೊರಟು ಗೆಳತಿಯ ಮನೆಯಲ್ಲಿ ಉಳಿದಳು; ಮುಂದಿನ ವಾರ ಬಾಡಿಗೆಗೊಂದು ಕೋಣೆ ಹಿಡಿದಳು.

ಪರೀಕ್ಷೆಯ ಮೇಜು ಅವಳಿಗೇ ಉಳಿಯಿತು. ದಿನಾ ಪ್ಯಾಕಿಂಗ್ ಕೋಣೆಗೆ ಪೆಟ್ಟಿಗೆ ಒಪ್ಪಿಸಬೇಕು. ಅಕ್ಕ ಕೈ ಚಾಚುತ್ತಾಳೆ. ತಂಗಿ ಪೆಟ್ಟಿಗೆಯನ್ನು ಪಕ್ಕದ ಮೇಜಿನ ಮೇಲಿಟ್ಟು ಬರುತ್ತಾಳೆ.